ರಕ್ತ ಕೊಟ್ಟ ಮೇಲೆ ಇಷ್ಟು ಸುಸ್ತು ಯಾಕೆ?

ಓದುಗರೊಬ್ಬರು ಬರೆದಿದ್ದಾರೆ: ‘ಮೊದಲ ಸಲ ರಕ್ತ ಕೊಟ್ಟು ಹತ್ತು ದಿನವಾಯಿತು. 24 ಗಂಟೆಯಲ್ಲಿ ಎಲ್ಲ ಸರಿಹೋಗುತ್ತೆ ಅಂದಿದ್ದರು. ಈಗಲೂ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತೆ. ಜೊತೆಗೆ ಬಂದಿದ್ದ ತಂಗಿಯನ್ನು ಹಿಮೋಗ್ಲೋಬಿನ್ ಕಡಿಮೆ ಅಂತ ವಾಪಸ್ ಕಳಿಸಿದರು. ಅವಳಿಗೆ ಬೇಜಾರು. ನಾನೂ ಕೊಡಬಾರದಿತ್ತಾ?’

ನಮಸ್ಕಾರ. ನೀವು ಒಳ್ಳೆಯ ಕೆಲಸವನ್ನೇ ಮಾಡಿದ್ದೀರಿ. ಆದರೆ ನಿಮಗೆ ಹೇಳಿದ ಆ 24 ಗಂಟೆಯ ಮಾತು ಅರ್ಧ ಮಾತ್ರ ನಿಜ.

ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಒಂದು ಸಲಕ್ಕೆ ಸಾಮಾನ್ಯವಾಗಿ 350 ಇಲ್ಲವೇ 450 ಎಂ.ಎಲ್. ತೆಗೆಯುತ್ತಾರೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಪ್ಲಾಸ್ಮಾ, ಅಂದರೆ ನೀರಿನಂಥ ಭಾಗ. ಅದು ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ. ಎಲ್ಲರೂ ಹೇಳುವುದು ಇದೊಂದನ್ನೇ. ಆಮ್ಲಜನಕ ಹೊರುವ ಕೆಂಪು ಕಣಗಳು ಮೊದಲಿನಷ್ಟಾಗಲು 4ರಿಂದ 8 ವಾರ ಬೇಕು. ಹತ್ತನೇ ದಿನ ಮೆಟ್ಟಿಲು ಹತ್ತುವಾಗ ಸ್ವಲ್ಪ ಉಸಿರು ಕಟ್ಟಿದಂತಾಗುವುದು ಇದರಿಂದಲೇ ಇರಬಹುದು.

ಇನ್ನೂ ನಿಧಾನವಾಗಿ ತುಂಬುವುದು ಕಬ್ಬಿಣ. ಕೆಂಪು ಕಣಗಳಲ್ಲಿ ಆಮ್ಲಜನಕ ಹಿಡಿದಿಡುವ ಹಿಮೋಗ್ಲೋಬಿನ್ ತಯಾರಾಗಲು ಅದು ಬೇಕೇ ಬೇಕು. 450 ಎಂ.ಎಲ್. ರಕ್ತದ ಜೊತೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. ಊಟದಿಂದ ಮೈಗೆ ಹತ್ತುವುದು ದಿನಕ್ಕೆ 1ರಿಂದ 2 ಮಿಲಿಗ್ರಾಂ ಅಷ್ಟೇ, ಅದರಲ್ಲೂ ಬಹುಪಾಲು ದಿನದ ಖರ್ಚಿಗೇ ಸರಿಹೋಗುತ್ತದೆ. ಲೆಕ್ಕ ಹಾಕಿ ನೋಡಿ, ಪೂರ್ತಿ ತುಂಬಲು ತಿಂಗಳುಗಳೇ ಬೇಕು ಅಲ್ವಾ? ಮುಟ್ಟಾಗುವ ಹೆಣ್ಣುಮಕ್ಕಳಿಗೆ ಇನ್ನೂ ಜಾಸ್ತಿ ದಿನ. ರಕ್ತದಾನದ ಪೋಸ್ಟರುಗಳಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಬೇಕಾದ್ದು ಇದು ಅಂತ ನನಗನ್ನಿಸುತ್ತದೆ.

‘ಪರೀಕ್ಷೆ ಮಾಡಿಯೇ ತಗೊಂಡರಲ್ಲ’ ಅಂತ ನೀವು ಕೇಳಬಹುದು. ಬೆರಳ ತುದಿ ಚುಚ್ಚಿ, ಒಂದು ಹನಿಯನ್ನು ನೀಲಿ ನೀರಿಗೆ ಬಿಡುವುದು ಹಳೆಯ ಪದ್ಧತಿ. ಅದು ಮೈಲುತುತ್ತದ ನೀರು. ಹನಿ 15 ಸೆಕೆಂಡಿನೊಳಗೆ ತಳಕ್ಕಿಳಿದರೆ ಹಿಮೋಗ್ಲೋಬಿನ್ ಸುಮಾರು 12.5 ಗ್ರಾಂ ಅಥವಾ ಅದಕ್ಕಿಂತ ಮೇಲಿದೆ ಎಂದರ್ಥ. ಮೇಲೆಯೇ ತೇಲಿದರೆ ಸಾಲದು. ಈಗ ಹಲವು ಕಡೆ ಚಿಕ್ಕ ಯಂತ್ರದಲ್ಲಿ ನೋಡುತ್ತಾರೆ. ಯಾವುದರಲ್ಲಿ ನೋಡಿದರೂ ಗೊತ್ತಾಗುವುದು ಈ ಹೊತ್ತು ರಕ್ತದಲ್ಲಿರುವ ಹಿಮೋಗ್ಲೋಬಿನ್ ಮಾತ್ರ. ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತಿಳಿಯಲು ಫೆರಿಟಿನ್ ಪರೀಕ್ಷೆ ಬೇಕು. ಹಿಮೋಗ್ಲೋಬಿನ್ ಸರಿಯಾಗಿದ್ದೂ ಒಳಗಿನ ಕಬ್ಬಿಣ ಕಡಿಮೆ ಇರುವವರು ಬಹಳ ಜನ.

ಹಾಗಾಗಿ ವೈದ್ಯರ ಹತ್ತಿರ ಹೋಗಿ ಎರಡನ್ನೂ ಪರೀಕ್ಷೆ ಮಾಡಿಸಿ. ಕಬ್ಬಿಣದ ಮಾತ್ರೆ ಬೇಕೋ ಬೇಡವೋ ಅವರೇ ಹೇಳಲಿ, ಸುಮ್ನೆ ತಗೋಬೇಡಿ. ಊಟದ ಜೊತೆಗೇ ಕಾಫಿ, ಟೀ ಬೇಡ, ಅವು ಕಬ್ಬಿಣ ಮೈಗೆ ಹತ್ತುವುದನ್ನು ಕಡಿಮೆ ಮಾಡುತ್ತವೆ. ಹುಳಿ ಹಣ್ಣು ಇದ್ದರೆ ಒಳ್ಳೆಯದು. ಕೂತಿರುವಾಗಲೂ ಏದುಸಿರು, ಎದೆನೋವು ಅಥವಾ ಎದೆ ಹೊಡೆದುಕೊಳ್ಳುವುದು ಇದ್ದರೆ ಇವತ್ತೇ ತೋರಿಸಿ.

ಇನ್ನು ನಿಮ್ಮ ತಂಗಿ. ಅವರನ್ನು ವಾಪಸ್ ಕಳಿಸಿದ್ದು ಅವರ ಒಳ್ಳೆಯದಕ್ಕೇ. ಕಡಿಮೆ ಇದ್ದದ್ದನ್ನು ಇನ್ನೂ ಕಡಿಮೆ ಮಾಡುವುದು ಯಾರಿಗೂ ಬೇಡ. ಹಿಮೋಗ್ಲೋಬಿನ್ ಯಾಕೆ ಕಡಿಮೆಯಾಯಿತು ಅಂತ ತಿಳಿದು, ಸರಿಮಾಡಿಕೊಂಡು ಮತ್ತೆ ಹೋಗಲಿ. ವಯಸ್ಸು 18 ಆಗಿರಬೇಕು, ತೂಕ 50 ಕೆ.ಜಿ. ಇರಬೇಕು ಅನ್ನುವ ನಿಯಮಗಳೂ ಬಹುತೇಕ ಕಡೆ ಇವೆ. ಕೆಲವು ಕಡೆ 45 ಕೆ.ಜಿ.ಗೂ ಒಪ್ಪುತ್ತಾರೆ. ಗರ್ಭಿಣಿಯರು, ಜ್ವರ ಇರುವವರು ಕೊಡುವಂತಿಲ್ಲ. ಹಚ್ಚೆ ಹಾಕಿಸಿಕೊಂಡವರಿಗೆ ಕೆಲವು ತಿಂಗಳು ಕಾಯಲು ಹೇಳುವುದಕ್ಕೂ ಕಾರಣವಿದೆ. ಸೂಜಿಯಿಂದ ಹೊಸದಾಗಿ ತಗುಲಿದ ಸೋಂಕು ಶುರುವಿನಲ್ಲಿ ಪರೀಕ್ಷೆಗೆ ಸಿಗದೇ ಹೋಗಬಹುದು. ಅದಕ್ಕೇ ಅಲ್ಲಿ ಕೇಳುವ ಪ್ರಶ್ನೆಗಳಿಗೆ ಮುಚ್ಚುಮರೆ ಇಲ್ಲದೆ ಉತ್ತರಿಸಬೇಕು. ಆ ರಕ್ತ ಹೋಗುವುದು ಕಾಯಿಲೆ ಬಿದ್ದವರ ಮೈಗೆ.

ಮುಂದಿನ ಸಲ ಹೋಗುವಾಗ ಊಟ ಮಾಡಿ, ಅರ್ಧ ಲೀಟರ್ ನೀರು ಕುಡಿದು ಹೋಗಿ. ಕೊಟ್ಟ ತಕ್ಷಣ ಎದ್ದು ಹೊರಡಬೇಡಿ, ಕಾಲು ಗಂಟೆಯಾದರೂ ಕೂತಿರಿ. ಮನೆಗೆ ಹೊರಟ ಮೇಲೂ ಕೆಲವರಿಗೆ ತಲೆ ಸುತ್ತುತ್ತದೆ. ಹಾಗಾದರೆ ನಾಚಿಕೆ ಪಡದೆ ಇದ್ದಲ್ಲೇ ಮಲಗಿ, ಕಾಲು ಮೇಲಕ್ಕೆತ್ತಿ. ಆ ದಿನ ಅದೇ ಕೈಯಲ್ಲಿ ಭಾರ ಎತ್ತಬೇಡಿ. ಮತ್ತೆ ಯಾವಾಗ ಕೊಡಬಹುದು ಅನ್ನುವುದಕ್ಕೆ ಒಂದೊಂದು ದೇಶದಲ್ಲಿ ಒಂದೊಂದು ನಿಯಮ, ಹೆಚ್ಚಾಗಿ 2ರಿಂದ 4 ತಿಂಗಳು. ನಿಮ್ಮ ಫೆರಿಟಿನ್ ಕಡಿಮೆ ಬಂದರೆ ಆ ಅವಧಿ ಮುಗಿಯಿತು ಅಂತ ಹೊರಡಬೇಡಿ, ವೈದ್ಯರು ಹೂಂ ಅಂದ ಮೇಲೆಯೇ ಹೋಗಿ.

— ಸಂ.