ಓದುಗರ ಪ್ರಶ್ನೆ: ಮುಪ್ಪಿನ ನಿತ್ರಾಣದ ಬಗ್ಗೆ ಮೊಬೈಲ್‌ನಲ್ಲಿ ಹೇಳುವುದು ಹೇಗೆ?

ಪ್ರಶ್ನೆ: ನಾನು ಫಿಸಿಯೋಥೆರಪಿಸ್ಟ್. ವೈದ್ಯರು ಫ್ರೇಲ್ಟಿ ಎನ್ನುವ, ವಯಸ್ಸಾದವರ ನಿತ್ರಾಣದ ಬಗ್ಗೆ ಹತ್ತು ನಿಮಿಷದ ವಿಡಿಯೊ ಮಾಡಿ ಹಾಕಿದೆ. ಯಾರೂ ಪೂರ್ತಿ ನೋಡುತ್ತಿಲ್ಲ. ಎಲ್ಲಿ ತಪ್ಪಿದೆ?

ಉತ್ತರ: ಬಹುಶಃ ‘ನಿತ್ರಾಣ ಎಂದರೇನು’ ಎಂದು ಶುರು ಮಾಡಿರುತ್ತೀರಿ. ತಮಗೆ ನಿತ್ರಾಣ ಇದೆಯೆಂದು ಹಿರಿಯರು ಸುಲಭವಾಗಿ ಒಪ್ಪುವುದಿಲ್ಲ. ‘ವಯಸ್ಸಾಯಿತಲ್ಲ, ಇದೆಲ್ಲ ಇದ್ದದ್ದೇ’ ಎಂದು ಮುಂದಕ್ಕೆ ಸರಿಸುತ್ತಾರೆ. ಅವರಿಗೇ ಕಾಣುವ ಲಕ್ಷಣದಿಂದ ಮಾತು ಆರಂಭಿಸಿ. ಅಮೆರಿಕದ ವೃದ್ಧಾಪ್ಯ ವೈದ್ಯೆ ಲಿಂಡಾ ಫ್ರೀಡ್ ಮತ್ತು ಸಂಗಡಿಗರು 2001ರಲ್ಲಿ ಐದು ಲಕ್ಷಣ ಗುರುತಿಸಿದರು: ಬೇಕೆಂದು ಇಳಿಸದಿದ್ದರೂ ವರ್ಷದಲ್ಲಿ ನಾಲ್ಕೂವರೆ ಕಿಲೊ ಅಥವಾ ಶೇ 5ರಷ್ಟು ತೂಕ ಇಳಿಯುವುದು, ಸದಾ ಸುಸ್ತು, ಕೈಹಿಡಿತ ಸಡಿಲಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕುಗ್ಗುವುದು. ಮೂರು ಅಥವಾ ಹೆಚ್ಚಿದ್ದರೆ ನಿತ್ರಾಣ. ಒಂದೆರಡಿದ್ದರೆ ಅದರ ಹೊಸ್ತಿಲು. ಆ ಹೊಸ್ತಿಲಲ್ಲಿ ನಿಂತವರಿಗಾಗಿ ವಿಡಿಯೊ ಮಾಡಿ. ಅಲ್ಲಿಂದ ಹಿಂದಕ್ಕೆ ಬರುವುದು ಹೆಚ್ಚು ಸುಲಭ.

ಒಂದು ವಿಡಿಯೊಗೆ ಒಂದೇ ವಿಷಯ, ಒಂದು ನಿಮಿಷದೊಳಗೆ. ಮೊದಲನೆಯದು ಕುರ್ಚಿಯಿಂದ ಏಳುವುದೇ ಆಗಲಿ. ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ, ಚಕ್ರವಿದ್ದದ್ದು ಬೇಡ. ಕೈಗಳನ್ನು ಎದೆಯ ಮೇಲೆ ಕತ್ತರಿಯಾಗಿ ಕಟ್ಟಿ ಐದು ಸಲ ಪೂರ್ತಿ ಎದ್ದು ಕೂರಬೇಕು. 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕಾಲಿನ ಬಲ ಕುಂದಿರಬಹುದು. ಕೈ ಊರದೆ ಏಳಲಾಗದವರು ಈ ಪರೀಕ್ಷೆ ಮಾಡಬಾರದು. ಅವರು ಕುರ್ಚಿಯ ತೋಳು ಹಿಡಿದೇ ಅಭ್ಯಾಸ ಮಾಡಲಿ, ಪಕ್ಕದಲ್ಲಿ ಒಬ್ಬರಿರಲಿ. ಈ ಮಾತು ವಿಡಿಯೊದ ಆರಂಭದಲ್ಲೇ ಬರಬೇಕು, ಏಕೆಂದರೆ ಕೊನೆವರೆಗೆ ನೋಡುವವರು ಕಡಿಮೆ.

ಕ್ಯಾಮೆರಾ ಪಕ್ಕದಿಂದ, ಸೀಟಿನ ಎತ್ತರಕ್ಕೆ ಇರಲಿ. ಎದುರಿನಿಂದ ತೆಗೆದರೆ ಮುಖ್ಯವಾದದ್ದೇ ಕಾಣುವುದಿಲ್ಲ: ಹಿಮ್ಮಡಿ ಮೊಣಕಾಲಿಗಿಂತ ತುಸು ಹಿಂದಕ್ಕೆ ಸರಿಯಬೇಕು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮೈ ಮುಂದಕ್ಕೆ ಬಾಗಬೇಕು, ಆಮೇಲೆ ಏಳಬೇಕು. ಅಭ್ಯಾಸ ಮಾಡುವಾಗ ಮೂರು ಎಣಿಸುತ್ತ ನಿಧಾನವಾಗಿ ಕೂರಬೇಕು. ಮೂಳೆ ಸವೆದವರು ಧೊಪ್ಪನೆ ಕುಕ್ಕರಿಸಿದರೆ ಬೆನ್ನುಮೂಳೆಗೆ ಪೆಟ್ಟು. ಉಸಿರು ಬಿಗಿ ಹಿಡಿಯಬಾರದು, ರಕ್ತದೊತ್ತಡ ಏರುತ್ತದೆ. ಎದ್ದಾಗ ತಲೆ ತಿರುಗಿದರೆ ನಿಲ್ಲಿಸಿ, ವೈದ್ಯರಿಗೆ ಹೇಳಬೇಕು.

ಮಾಡಿ ತೋರಿಸುವವರು ಎಪ್ಪತ್ತರ ಆಸುಪಾಸಿನವರಾಗಿರಲಿ. ಇಪ್ಪತ್ತೈದರ ಹುಡುಗ ಎದ್ದು ಕೂತರೆ ‘ಇದು ನಮಗಲ್ಲ’ ಅನ್ನಿಸುತ್ತದೆ. ಹಿನ್ನೆಲೆ ಸಂಗೀತ ಬೇಡವೇ ಬೇಡ, ಕಿವಿ ಮಂದವಾದವರಿಗೆ ಮಾತು ಅದರಲ್ಲಿ ಮುಳುಗಿಹೋಗುತ್ತದೆ. ಪರದೆಯ ಮೇಲಿನ ಅಕ್ಷರ ದಪ್ಪಗಿರಲಿ. ಕೆಳಭಾಗ ಖಾಲಿ ಬಿಡಿ, ಅಲ್ಲಿ ಖಾತೆಯ ಹೆಸರು, ಗುಂಡಿಗಳು ಬಂದು ಕೂರುತ್ತವೆ. ತಾನಾಗಿಯೇ ಮೂಡುವ ಅಡಿಬರಹದಲ್ಲಿ ಅಂಕಿಗಳನ್ನು ಒಂದೊಂದಾಗಿ ನೋಡಿ. 15 ಅನ್ನುವುದು 50 ಆದರೆ ಪರೀಕ್ಷೆಯೇ ಕೆಟ್ಟಿತು.

ಪ್ರಶ್ನೆ: ‘ವಯಸ್ಸಾದ ಮೇಲೆ ಪ್ರೋಟೀನ್ ತಿಂದರೆ ಕಿಡ್ನಿ ಹಾಳು’ ಎಂಬ ಚಿತ್ರ ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಸುತ್ತುತ್ತಿದೆ. ದೊಡ್ಡಪ್ಪನವರೇ ಕಳಿಸಿದ್ದು. ಏನು ಬರೆಯಲಿ?

ಉತ್ತರ: ಆ ಸಾಲನ್ನು ಮತ್ತೆ ಬರೆದು ‘ಸುಳ್ಳು’ ಅನ್ನಬೇಡಿ, ಓದಿದವರ ತಲೆಯಲ್ಲಿ ಅದೇ ಉಳಿದೀತು. ನಿಜದಿಂದಲೇ ಶುರು ಮಾಡಿ: ‘65 ದಾಟಿದ ಆರೋಗ್ಯವಂತರಿಗೆ ದಿನಕ್ಕೆ, ದೇಹತೂಕದ ಪ್ರತಿ ಕಿಲೊಗೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. 60 ಕಿಲೊ ಇದ್ದವರಿಗೆ 60ರಿಂದ 72 ಗ್ರಾಂ. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಈ ಲೆಕ್ಕ ಅಲ್ಲ. ಅವರ ಅಳತೆಯನ್ನು ವೈದ್ಯರೇ ಹೇಳಬೇಕು.’ ಕೊನೆಯ ಎಚ್ಚರಿಕೆಯೂ ಚಿತ್ರದ ಒಳಗೇ ಇರಲಿ, ದಿನಾಂಕದ ಸಮೇತ. ಚಿತ್ರದ ಕೆಳಗೆ ಬೇರೆಯಾಗಿ ಬರೆದ ಮಾತು ಒಬ್ಬರಿಂದ ಒಬ್ಬರಿಗೆ ಹೋಗುವಾಗ ಉದುರಿಹೋಗಬಹುದು. ದೊಡ್ಡಪ್ಪನವರಿಗೆ ಮೊದಲು ಫೋನ್ ಮಾಡಿ ಹೇಳಿ. ತಿದ್ದಿದ ಚಿತ್ರವನ್ನು ಅವರೇ ಗುಂಪಿಗೆ ಹಾಕಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ನಮ್ಮ ಪುಟದಲ್ಲಿ ಜನ ಔಷಧ ಚೀಟಿಯ ಫೋಟೊ ಹಾಕಿ ‘ಯಾವ ಮಾತ್ರೆ ಬಿಡಬಹುದು?’ ಎನ್ನುತ್ತಾರೆ.

ಉತ್ತರ: ಉತ್ತರಿಸಬೇಡಿ. ಚೀಟಿಯಲ್ಲಿ ಹೆಸರು, ವಯಸ್ಸು, ಕಾಯಿಲೆ ಎಲ್ಲ ಇರುತ್ತದೆ. ಮೊದಲು ಅದನ್ನು ಅಳಿಸಿ. ಐದು ಅಥವಾ ಹೆಚ್ಚು ಔಷಧ ತೆಗೆದುಕೊಳ್ಳುವವರು ಮನೆಯಲ್ಲಿರುವ ಎಲ್ಲ ಮಾತ್ರೆ, ಟಾನಿಕ್, ಪುಡಿಗಳನ್ನು ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರಿಗೆ ತೋರಿಸಬೇಕು, ತಾವಾಗಿ ಯಾವುದನ್ನೂ ನಿಲ್ಲಿಸಬಾರದು ಎಂದು ಬರೆದಿಟ್ಟುಕೊಂಡು ಎಲ್ಲರಿಗೂ ಅದನ್ನೇ ಕಳಿಸಿ. ಯಾರಾದರೂ ‘ಅಮ್ಮ ನಿನ್ನೆಯಿಂದ ಏನೇನೋ ಮಾತಾಡ್ತಿದ್ದಾರೆ’ ಎಂದು ಬರೆದರೆ ಮಾತ್ರ ಆ ಸಿದ್ಧ ಉತ್ತರ ಸಾಲದು. ದಿಢೀರ್ ಗೊಂದಲ ತುರ್ತು ಲಕ್ಷಣ. ಅವತ್ತೇ ಆಸ್ಪತ್ರೆಗೆ ಕರೆದೊಯ್ಯಲು ಹೇಳಿ.