ಸಂಪಾದಕರ ಉತ್ತರ: ಸಹಿಗೆ ಅವಸರ ಬೇಡ

ಪ್ರೆಸ್ ಮೆಷಿನ್‌ಗೆ ಬಲಗೈ ಸಿಕ್ಕಿ ಮೂರು ಬೆರಳು ಜಜ್ಜಿಹೋದ ಓದುಗರೊಬ್ಬರು ಬರೆದಿದ್ದಾರೆ: 'ಆಪರೇಷನ್ ಆಗಿ ನಾಲ್ಕು ತಿಂಗಳಾಯಿತು. ವಿಮಾ ಕಂಪನಿಯವರು ರಾಜಿಪತ್ರ ಕಳಿಸಿ, ಈ ವಾರವೇ ಸಹಿ ಮಾಡಿದರೆ ಇಡಿಗಂಟು ಕೊಡುತ್ತೇವೆ ಎನ್ನುತ್ತಿದ್ದಾರೆ. ಆ ಹೊತ್ತು ಎಚ್ಚರ ತಪ್ಪಿದ್ದು ನಾನೇ. ಕೊಟ್ಟಷ್ಟು ತೆಗೆದುಕೊಂಡು ಸುಮ್ಮನಾಗಲೇ?'

ಸುಮ್ಮನಾಗಬೇಡಿ. ಮೊದಲು ಎಚ್ಚರ ತಪ್ಪಿದ ಮಾತು. 1884ರಲ್ಲಿ ಜರ್ಮನಿ, 1897ರಲ್ಲಿ ಬ್ರಿಟನ್ ಕೆಲಸಗಾರರ ಪರಿಹಾರಕ್ಕೆ ಕಾನೂನು ಮಾಡಿದ್ದೇ ತಪ್ಪು ಯಾರದು ಎಂಬ ಜಗಳವನ್ನು ಬದಿಗಿಡಲು. ಬೇಕೆಂದೇ ಮಾಡಿಕೊಂಡ ಗಾಯ, ಕುಡಿದ ಅಮಲು ಇಂಥ ಕೆಲವನ್ನು ಬಿಟ್ಟರೆ, ದುಡಿಯುವವನ ಕ್ಷಣದ ಮೈಮರೆವು ಸಾಮಾನ್ಯವಾಗಿ ಪರಿಹಾರಕ್ಕೆ ಅಡ್ಡಬರುವುದಿಲ್ಲ. ಆ ಅಳುಕಿನಿಂದ ಒಂದು ಪೈಸೆಯನ್ನೂ ಬಿಟ್ಟುಕೊಡಬೇಡಿ.

ಇನ್ನು ಸಹಿ. ಜಜ್ಜಿದ ಕೈ ನಾಲ್ಕು ತಿಂಗಳಿಗೆ ತನ್ನ ಪೂರ್ತಿ ಕಥೆ ಹೇಳುವುದಿಲ್ಲ. ಬೆರಳನ್ನು ಎಳೆಯುವ ಸ್ನಾಯುರಜ್ಜು ಅಂಟಿಕೊಂಡು ಬೆರಳು ಮಡಚದೇ ಹೋಗಬಹುದು, ಒಳಗಿಟ್ಟ ತಂತಿ, ಪ್ಲೇಟು ತೆಗೆಸಬೇಕಾಗಬಹುದು, ಪೆಟ್ಟು ತಿಂದ ಕೀಲಿಗೆ ವರ್ಷಗಳ ನಂತರ ಸಂಧಿವಾತ ಬರಬಹುದು. 'ಚಿಕಿತ್ಸೆಯಿಂದ ಇನ್ನು ಹೆಚ್ಚು ಸುಧಾರಣೆ ಆಗದು' ಎಂದು ವೈದ್ಯರು ಹೇಳಿದ ಮೇಲೆ ಬೆರಳು ಎಷ್ಟು ಮಡಚುತ್ತದೆ, ಹಿಡಿತ ಎಷ್ಟಿದೆ ಎಂದು ಅಳೆದು ಶಾಶ್ವತ ಅಂಗವೈಕಲ್ಯದ ಶೇಕಡಾವಾರು ಬರೆಯುತ್ತಾರೆ. ಪರಿಹಾರದ ಲೆಕ್ಕ ನಿಲ್ಲುವುದು ಅದರ ಮೇಲೆ ಮತ್ತು ನಿಮ್ಮ ಸಂಬಳದ ಮೇಲೆ. ಆ ಅಳತೆಯೇ ಆಗದೆ ಮೊತ್ತ ಹೇಗೆ ಬಂತು ಎಂದು ಕೇಳಿ. ಕಂಪನಿಯ ವೈದ್ಯರು ಅಳೆದಿದ್ದರೆ ನೀವು ಬೇರೊಬ್ಬರಿಂದಲೂ ಅಳೆಸಿ. ಸಂಬಳದ ಲೆಕ್ಕದಲ್ಲಿ ಓವರ್‌ಟೈಮ್ ಸೇರಿದೆಯೇ ನೋಡಿ. ಸಾಮಾನ್ಯವಾಗಿ ತಪ್ಪಿಹೋಗುವುದು ಅದೇ.

ನೀವು ಕಳಿಸಿದ ಪ್ರತಿಯ ಕೊನೆಯ ಪುಟದಲ್ಲಿ ಒಂದು ಸಾಲಿದೆ: 'ಈಗ ತಿಳಿದಿರುವ ಹಾಗೂ ಮುಂದೆ ತಿಳಿಯಬಹುದಾದ ಎಲ್ಲ ಹಕ್ಕುಗಳನ್ನೂ ಬಿಟ್ಟುಕೊಟ್ಟಿದ್ದೇನೆ.' ನನಗೆ ಸಂಕಟವಾದದ್ದು ಇಲ್ಲಿ. ಇದಕ್ಕೆ ಸಹಿ ಬಿದ್ದರೆ ಮುಂದಿನ ಆಪರೇಷನ್ನಿನ ಖರ್ಚು ನಿಮ್ಮ ತಲೆಗೇ ಬರಬಹುದು. ಇಡಿಗಂಟು ದೊಡ್ಡದಾಗಿ ಕಾಣುತ್ತದೆ, ನಿಜ. ಆದರೆ ಸಾಲ ತೀರಿಸುವುದರಲ್ಲೇ ಅದು ಕರಗಿದರೆ, ದುಡಿಯಲಾಗದ ಕೈ ಮಾತ್ರ ಹಾಗೇ ಉಳಿಯುತ್ತದೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1925ರ ಒಪ್ಪಂದವೂ ಶಾಶ್ವತ ಅಂಗವೈಕಲ್ಯಕ್ಕೆ ಕಂತಿನ ಪಾವತಿಯನ್ನೇ ನಿಯಮ ಮಾಡಿತು. ಹಣ ಸದ್ವಿನಿಯೋಗವಾಗುತ್ತದೆಂದು ಪರಿಹಾರದ ವಿಷಯ ನೋಡುವ ಸರ್ಕಾರಿ ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಇಡಿಗಂಟು ಎಂದಿತು. ಈಗಲೂ ಅನೇಕ ಕಡೆ ಅಧಿಕಾರಿಯ ಒಪ್ಪಿಗೆಯಿಲ್ಲದ ರಾಜಿ ಊರ್ಜಿತವಾಗುವುದಿಲ್ಲ. ನಿಮ್ಮಲ್ಲಿ ಹೇಗೆಂದು ವಕೀಲರನ್ನೋ ಯೂನಿಯನ್ನಿನವರನ್ನೋ ವಿಚಾರಿಸಿ.

ಮನೆ ಖರ್ಚಿನ ಒತ್ತಡ ನನಗೆ ಅರ್ಥವಾಗುತ್ತದೆ. ಆದರೆ ಗುಣವಾಗುವವರೆಗಿನ ತಾತ್ಕಾಲಿಕ ಪಾವತಿಯೇ ಬೇರೆ, ರಾಜಿಯೇ ಬೇರೆ. ತಾತ್ಕಾಲಿಕ ಪಾವತಿ ಬರುತ್ತಿದ್ದರೆ ಕಾಯಲು ನಿಮಗೆ ಕಾಲವಿದೆ. ಎಷ್ಟು ಕಾಲ ಎಂಬುದು ಮುಖ್ಯ. ಕ್ಲೇಮು ಹಾಕಲು ಕಾನೂನಿನ ಗಡುವಿದೆ, ಮಾತುಕತೆ ನಡೆಯುತ್ತಿದೆ ಎಂದು ಅದು ನಿಲ್ಲುವುದಿಲ್ಲ. ಈ ವಾರ ಮಾಡಬೇಕಾದದ್ದು ಕ್ಲೇಮು ದಾಖಲಾಗಿದೆಯೇ ಎಂದು ಖಚಿತಪಡಿಸಿಕೊಳ್ಳುವುದು. ಕಂಪನಿಗೆ, 'ವೈದ್ಯರ ಅಂತಿಮ ವರದಿ ಬಂದ ಮೇಲೆ ಉತ್ತರಿಸುತ್ತೇನೆ, ಮುಂದಿನ ಚಿಕಿತ್ಸೆಯ ಹಕ್ಕು ಉಳಿಯುವಂತೆ ಕರಾರು ತಿದ್ದಿ ಕಳಿಸಿ' ಎಂದು ಬರೆದು, ಒಂದು ಪ್ರತಿ ನೀವಿಟ್ಟುಕೊಳ್ಳಿ.

– ಸಂ.