ಬೆಂಗಳೂರಿನಿಂದ ರೈಲಿನಲ್ಲಿ ಹೋಗಿ ಎರಡೇ ದಿನದಲ್ಲಿ ಕಾರವಾರ, ಗೋಕರ್ಣ, ಯಾಣ, ಶಿರಸಿ, ಮುರ್ಡೇಶ್ವರ ಮುಗಿಸಬಹುದಾ? ಜೊತೆಗೆ ಅಪ್ಪ, ಅಮ್ಮ ಇದ್ದಾರೆ

ನಿಮ್ಮ ಪಟ್ಟಿ ಓದಿ ಒಂದು ಕ್ಷಣ ನನ್ನದೇ ಹಳೆಯ ಚೀಟಿ ನೋಡಿದ ಹಾಗಾಯಿತು. ಮುರ್ಡೇಶ್ವರ ಒಂದು ಬಿಟ್ಟರೆ ಉಳಿದ ನಾಲ್ಕೂ ಊರು ನನ್ನ ಚೀಟಿಯಲ್ಲೂ ಇದ್ದವು. ಅವೇ ಎರಡು ದಿನ. ಜೊತೆಗೆ ಹೆಂಡತಿ, ಅತ್ತೆ, ಮಾವ.

ನಾನು ಶಿರಸಿಯವನು, ಕೆಲಸ ಬೆಂಗಳೂರಿನಲ್ಲಿ. ಅತ್ತೆ ಮಾವ ಬೆಂಗಳೂರಿನವರೇ. ಕಾರವಾರದ ಸಮುದ್ರ ನೋಡಬೇಕು ಅಂತ ಅತ್ತೆ ಮದುವೆಯಾದಾಗಿನಿಂದ ಹೇಳುತ್ತಿದ್ದರು. 2023ರ ಏಪ್ರಿಲ್‌ಗೆ ಅಂತ ಜನವರಿಯಲ್ಲೇ ಪಂಚಗಂಗಾ ಎಕ್ಸ್‌ಪ್ರೆಸ್‌ಗೆ ನಾಲ್ಕು ಟಿಕೆಟ್ ಮಾಡಿದೆ. ಶುಕ್ರವಾರ ಸಂಜೆ ಹೊರಟರೆ ಶನಿವಾರ ಬೆಳಿಗ್ಗೆ ಕಾರವಾರ. ಭಾನುವಾರ ಸಂಜೆ ಕಾರವಾರದಿಂದ ಹತ್ತಿದರೆ ಸೋಮವಾರ ಬೆಳಿಗ್ಗೆ ಬೆಂಗಳೂರು. ರಜೆ ಹಾಕಬೇಕಾಗಿಲ್ಲ. ಆಗ 120 ದಿನ ಮೊದಲೇ ಬುಕಿಂಗ್ ತೆರೆಯುತ್ತಿತ್ತು, ಹಾಗಾಗಿ ನಾಲ್ಕೂ ಬರ್ತ್ ಖಾತ್ರಿಯಾಗಿ ಸಿಕ್ಕವು. ಅತ್ತೆಗೆ ಮೊಣಕಾಲು ನೋವು, ಅವರಿಗೆ ಕೆಳಗಿನ ಬರ್ತೇ ಬಂತು. ಇಲ್ಲಿಯವರೆಗೆ ಎಲ್ಲ ಸರಿ ಇತ್ತು.

ಮಾರ್ಚ್‌ನಲ್ಲಿ ನನಗೆ ಆಸೆ ಹೆಚ್ಚಾಯಿತು. ಅಷ್ಟು ದೂರ ಹೋಗಿ ಬರೀ ಕಾರವಾರವಾ ಅನಿಸಿತು. ಗೋಕರ್ಣ ಸೇರಿಸಿದೆ, ಯಾಣ ಸೇರಿಸಿದೆ. ಯಾಣದವರೆಗೆ ಬಂದು ಶಿರಸಿಯ ನಮ್ಮ ಮನೆಗೆ ಹೋಗದಿದ್ದರೆ ಹೇಗೆ ಅಂತ ಭಾನುವಾರದ ಊಟ ಅಲ್ಲೇ ಅಂದೆ. ಊಟ ಮುಗಿಸಿ ದೇವಿಮನೆ ಘಾಟಿ ಇಳಿದರೆ ಕುಮಟಾ. ಅಲ್ಲಿಂದ ಮತ್ತೆ ಕಾರವಾರಕ್ಕೆ ಯಾಕೆ ಹೋಗಬೇಕು, ಅದೇ ರೈಲು ಕುಮಟಾಕ್ಕೂ ಬರುತ್ತದಲ್ವಾ, ಅಲ್ಲೇ ಹತ್ತೋಣ ಅಂದುಕೊಂಡೆ.

ನನ್ನ ತಪ್ಪು ಇಲ್ಲೇ ಆಯಿತು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಓದಿದವರೂ ಮಾಡುವ ತಪ್ಪು ಇದು. ಪ್ಲಾನ್ ಬದಲಾಯಿತು, ಟಿಕೆಟ್ ಬದಲಾಗಲಿಲ್ಲ. ಟಿಕೆಟ್ ಇದ್ದದ್ದು ಕಾರವಾರದಿಂದ. ಹತ್ತುವ ಸ್ಟೇಷನ್ ಅಂತ ಅದರಲ್ಲಿ ನಮೂದಾಗಿದ್ದದ್ದೂ ಕಾರವಾರವೇ. ಪೂರ್ತಿ ದೂರದ ದುಡ್ಡು ಕೊಟ್ಟಿದ್ದೇವೆ, ಅದಕ್ಕಿಂತ ಕಡಿಮೆ ದೂರ ಹೋಗುತ್ತೇವೆ, ಇದರಲ್ಲಿ ಯಾರಿಗೆ ನಷ್ಟ ಅಂತ ನನ್ನ ಲೆಕ್ಕ. ಬಸ್ಸಿನಲ್ಲಾದರೆ ಕಂಡಕ್ಟರ್‌ಗೆ ಫೋನ್ ಮಾಡಿ ಮುಂದಿನ ಸ್ಟಾಪ್‌ನಲ್ಲಿ ಹತ್ತುತ್ತೇವೆ ಅಂದರೆ ಆಯಿತು, ಸೀಟು ಇರುತ್ತದೆ. ರೈಲಿನಲ್ಲಿ ಹಾಗಲ್ಲ. ಟಿಟಿಇ, ಅಂದರೆ ಟಿಕೆಟ್ ತಪಾಸಣೆ ಮಾಡುವವರು, ಬಂದು ನೋಡುವಾಗ ನೀವು ಬರ್ತ್‌ನಲ್ಲಿ ಇಲ್ಲ ಅಂದರೆ ಬಂದಿಲ್ಲ ಅಂತ ಗುರುತು ಹಾಕುತ್ತಾರೆ. ಆ ಬರ್ತ್ ಆರ್‌ಎಸಿಯಲ್ಲಿ, ಅಂದರೆ ಪೂರ್ತಿ ಬರ್ತ್ ಸಿಗದೆ ಕೂರಲು ಮಾತ್ರ ಜಾಗ ಸಿಕ್ಕಿ, ಕಾಯುತ್ತಿರುವವರಿಗೆ ಹೋಗುತ್ತದೆ. ನೀವು ಮೂರು ಸ್ಟೇಷನ್ ಆಚೆ ಪ್ಲಾಟ್‌ಫಾರ್ಮ್ ಮೇಲೆ ನಿಂತಿದ್ದೀರಿ ಅಂತ ಅವರಿಗೆ ಗೊತ್ತಾಗುವುದಾದರೂ ಹೇಗೆ? ಕಾರವಾರ ಬಿಟ್ಟ ಮೇಲೆ ಅಂಕೋಲಾ, ಗೋಕರ್ಣ ರೋಡ್, ಆಮೇಲೆ ಕುಮಟಾ. ಅಷ್ಟು ಹೊತ್ತು ನಮ್ಮ ನಾಲ್ಕೂ ಬರ್ತ್ ಖಾಲಿ ಇದ್ದವು, ಅದೂ ಶಾಲೆ ರಜೆಯ ಭಾನುವಾರ.

ಇದನ್ನು ತಪ್ಪಿಸೋಕೆ ಒಂದು ರೂಪಾಯಿಯೂ ಬೇಡ. ಐಆರ್‌ಸಿಟಿಸಿಯಲ್ಲಿ ನಿಮ್ಮ ಟಿಕೆಟ್ ತೆರೆದು ಹತ್ತುವ ಸ್ಟೇಷನ್ ಬದಲಿಸಬಹುದು, ಚಾರ್ಟ್ (ಯಾರಿಗೆ ಯಾವ ಬರ್ತ್ ಅನ್ನುವ ಪಟ್ಟಿ) ಸಿದ್ಧವಾಗುವ ಮೊದಲು ಮಾಡಬೇಕು ಅಷ್ಟೇ. ಒಮ್ಮೆ ಬದಲಿಸಿದರೆ ಹಳೆಯ ಸ್ಟೇಷನ್‌ನಿಂದ ಹತ್ತುವ ಹಕ್ಕು ಇರುವುದಿಲ್ಲ, ಅದೂ ನೆನಪಿರಲಿ. ಎರಡು ನಿಮಿಷದ ಕೆಲಸ. ನನಗೆ ಅಂಥದ್ದೊಂದು ಇದೆ ಅನ್ನುವುದೇ ಗೊತ್ತಿರಲಿಲ್ಲ.

ಕುಮಟಾದಲ್ಲಿ ಹತ್ತಿದಾಗ ಅತ್ತೆಯ ಕೈಯಲ್ಲಿ ಹೆದ್ದಾರಿ ಪಕ್ಕ ಕೊಂಡ ಸಿಹಿ ಈರುಳ್ಳಿ ಗೊಂಚಲು ಇತ್ತು. ನಮ್ಮ ಎರಡು ಕೆಳಗಿನ ಬರ್ತ್‌ಗಳಲ್ಲಿ ಬೇರೆಯವರು ಹೊದ್ದು ಕೂತಿದ್ದರು. ಟಿಟಿಇ ಒಳ್ಳೆಯ ಮನುಷ್ಯ. ಯಂತ್ರ ತೋರಿಸಿ, ಅಂಕೋಲಾ ದಾಟಿದ ಮೇಲೆ ಕೊಟ್ಟೆ ಸರ್, ಇನ್ನೂ ಎರಡು ಮೇಲಿನ ಬರ್ತ್ ಉಳಿದಿವೆ, ಅವು ನಿಮ್ಮದೇ ಅಂದರು. ಜಗಳ ಮಾಡಲು ನನ್ನ ಹತ್ತಿರ ಏನೂ ಇರಲಿಲ್ಲ. ಅಲ್ಲಿ ಕೂತವರೂ ಕಾದು ಪಡೆದವರೇ. ಮಾವ ಹೇಗೋ ಮೇಲೆ ಹತ್ತಿದರು. ಅತ್ತೆಗೆ ಆಗಲಿಲ್ಲ. "ಬೇಡ ಬಿಡಿ, ನಾನು ಕೂತೇ ಬರ್ತೀನಿ, ನೀವು ಮಲಗಿ" ಅಂದರು. ಬರ್ತ್‌ನಲ್ಲಿದ್ದ ಹೆಂಗಸು ಪಾಪ ಕಾಲ ಬುಡದಲ್ಲಿ ಜಾಗ ಬಿಟ್ಟುಕೊಟ್ಟರು. ಸುಬ್ರಹ್ಮಣ್ಯದಿಂದ ಸಕಲೇಶಪುರದವರೆಗೆ ಘಾಟಿ ಹತ್ತುವಾಗ ರೈಲು ಎಷ್ಟು ನಿಧಾನ ಹೋಗುತ್ತದೆ ಅಂತ ನಿಮಗೆ ಗೊತ್ತಿರಬಹುದು. ಆ ಅಷ್ಟೂ ಹೊತ್ತು ಅವರು ಕಿಟಕಿಗೆ ತಲೆ ಆನಿಸಿಕೊಂಡು ಎಚ್ಚರವಾಗಿದ್ದರು. ನಾನು ಬಾಗಿಲ ಹತ್ತಿರ ನಿಂತು, ಆಗಾಗ ಬಂದು ನೋಡಿ ಹೋಗುತ್ತಿದ್ದೆ. ಬೆಂಗಳೂರಿನಲ್ಲಿ ಇಳಿದಾಗ ಕಾಲು ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ.

ಅದಕ್ಕಿಂತ ಜಾಸ್ತಿ ನೋವು ಕೊಡುವುದು ಇನ್ನೊಂದು. ಶನಿವಾರ ಟಾಗೋರ್ ಬೀಚ್‌ನಲ್ಲಿ ಅವರು ಮರಳಿನ ಮೇಲೆ ಕೂತು "ಇನ್ನೊಂದು ಸ್ವಲ್ಪ ಹೊತ್ತು ಇರೋಣ್ವಾ?" ಅಂತ ಕೇಳಿದ್ದರು. ಕಾರು ಕಾಯ್ತಿದೆ, ಗೋಕರ್ಣಕ್ಕೆ ಹೊತ್ತಾಗುತ್ತದೆ ಅಂತ ಎಬ್ಬಿಸಿದವನು ನಾನು. ಅರ್ಧ ಗಂಟೆಯೂ ಕೂತಿರಲಿಲ್ಲ. ಅವರು ಬಂದದ್ದೇ ಆ ಸಮುದ್ರಕ್ಕೆ.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಆಗುತ್ತದೆ, ಆದರೆ ಮಾಡಬೇಡಿ. ಐದು ಊರು ಎರಡು ದಿನದಲ್ಲಿ ಮುಗಿಸುವುದು ಅಪ್ಪ ಅಮ್ಮನನ್ನು ಕಾರಿನಲ್ಲಿ ಕೂರಿಸಿ ತಿರುಗಿಸುವುದು ಅಷ್ಟೇ. ಮತ್ತೆ ಶಿರಸಿಯನ್ನು ಈ ಪಟ್ಟಿಯಿಂದ ತೆಗೆದುಬಿಡಿ. ನಮ್ಮೂರೇ ಆದರೂ ಹೇಳುತ್ತೇನೆ. ಶಿರಸಿಗೆ ರೈಲಿಲ್ಲ. ಕುಮಟಾದಿಂದ ಸುಮಾರು 60 ಕಿಲೋಮೀಟರ್ ಘಾಟಿ ರಸ್ತೆ. ತಾಳಗುಪ್ಪಕ್ಕೆ ಬೆಂಗಳೂರಿನಿಂದ ರೈಲಿದೆ, ಆದರೆ ಅಲ್ಲಿಂದಲೂ ಮತ್ತೆ ಬಸ್ಸು ಹಿಡಿಯಬೇಕು. ಆ ರೈಲು ಜೋಗಕ್ಕೆ ಸರಿ, ಶಿರಸಿಗೆ ಸುತ್ತು. ಶಿರಸಿ, ಯಾಣ, ಸಹಸ್ರಲಿಂಗ ನೋಡುವವರು ಬೇರೆ ವಾರ ರಾತ್ರಿ ಬಸ್ಸಿಗೆ ಬನ್ನಿ. ಎಲ್ಲವನ್ನೂ ರೈಲಿನಲ್ಲೇ ಮಾಡಬೇಕು ಅನ್ನುವ ಹಟ ನಮ್ಮ ಕಡೆ ನಡೆಯುವುದಿಲ್ಲ. ಕರಾವಳಿಯಲ್ಲೂ ಸ್ಟೇಷನ್ ಒಂದು ಕಡೆ, ಊರು ಒಂದು ಕಡೆ. ಕಾರವಾರದ ಸ್ಟೇಷನ್ ಇರುವುದು ಶಿರವಾಡದಲ್ಲಿ, ಪೇಟೆಗೆ ಆಟೋ ಬೇಕು. ಗೋಕರ್ಣ ರೋಡ್‌ನಿಂದ ಗೋಕರ್ಣ ಹತ್ತಿರ ಹತ್ತು ಕಿಲೋಮೀಟರ್.

ನಾನು ಹೇಳುವುದು ಕಾರವಾರ ಒಂದೇ. ಹೋಗುವಾಗ ಬೆಳಿಗ್ಗೆ ಬೇಗ ಎದ್ದು ಕಿಟಕಿ ಹತ್ತಿರ ಕೂರಿ. ರೈಲಿನಿಂದ ಸಮುದ್ರ ಕಾಣುವುದು ಕಡಿಮೆ, ಹೊಳೆಗಳೇ ಚೆಂದ. ಹೊನ್ನಾವರದ ಶರಾವತಿ ಸೇತುವೆ ಎರಡು ಕಿಲೋಮೀಟರ್‌ಗೂ ಉದ್ದ, ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು. ಆಮೇಲೆ ಅಘನಾಶಿನಿ, ಗಂಗಾವಳಿ ಬರುತ್ತವೆ. ಕಾಳಿ ಸಿಗುವುದಿಲ್ಲ, ಅದು ಕಾರವಾರದ ಆಚೆ. ಅದನ್ನು ಸದಾಶಿವಗಡದ ಮೇಲೆ ನಿಂತು ನೋಡಿ, ಹೊಳೆ ಸಮುದ್ರ ಸೇರುವುದು ಪೂರ್ತಿ ಕಾಣುತ್ತದೆ. ಬೀಚ್ ಪಕ್ಕದಲ್ಲೇ ಚಾಪಲ್ ಯುದ್ಧನೌಕೆಯ ಮ್ಯೂಸಿಯಂ ಇದೆ. ಯುವಕರಾಗಿದ್ದ ರವೀಂದ್ರನಾಥ ಟಾಗೋರರು ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಬಂದು ಉಳಿದಿದ್ದರು, ಬೀಚ್‌ಗೆ ಆ ಹೆಸರು ಅದಕ್ಕೇ. ಮಧ್ಯಾಹ್ನ ಮೀನು ತಿನ್ನುವವರಾದರೆ ಒಳ್ಳೆಯ ಊಟ, ಆಮೇಲೆ ಒಂದು ನಿದ್ದೆ. ಸಂಜೆ ಮತ್ತೆ ಸಮುದ್ರ. ಮುರ್ಡೇಶ್ವರ ನೋಡಲೇಬೇಕು ಅಂತ ಅಮ್ಮ ಅಂದರೆ ಕಾರವಾರ ಬಿಟ್ಟು ಅದನ್ನೇ ಮಾಡಿ. ಎರಡೂ ಬೇಡ.

ಮಳೆಗಾಲದಲ್ಲಿ ಕೊಂಕಣ ರೈಲ್ವೆಗೆ ಬೇರೆಯೇ ವೇಳಾಪಟ್ಟಿ ಇರುತ್ತದೆ, ಬೇಸಿಗೆಯಲ್ಲಿ ಬರೆದುಕೊಂಡ ಸಮಯ ನಂಬಬೇಡಿ.

ಟಿಕೆಟ್ ವಿಷಯ ಇನ್ನೊಂದಿದೆ. ಈಗ 60 ದಿನ ಮೊದಲು ಬುಕಿಂಗ್ ತೆರೆಯುತ್ತದೆ, ಶುಕ್ರವಾರದ್ದು ಮತ್ತು ಭಾನುವಾರದ್ದು ಮೊದಲ ದಿನವೇ ಮಾಡಿ. ಎಲ್ಲರನ್ನೂ ಒಂದೇ ಟಿಕೆಟ್‌ನಲ್ಲಿ ಹಾಕಬೇಡಿ. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಕೆಳಗಿನ ಬರ್ತ್ ಕೋಟಾ ಇದೆ, ಆದರೆ ಒಂದು ಟಿಕೆಟ್‌ನಲ್ಲಿ ಒಬ್ಬರು ಅಥವಾ ಇಬ್ಬರು ಇದ್ದರೆ ಮಾತ್ರ. ಅಪ್ಪ ಅಮ್ಮನದ್ದು ಬೇರೆ, ನಿಮ್ಮದು ಬೇರೆ ಮಾಡಿ. ಹೋದ ಡಿಸೆಂಬರ್‌ನಲ್ಲಿ ಅತ್ತೆ ಮಾವನಿಗೆ ನಾನು ಹಾಗೇ ಮಾಡಿದೆ. ಎರಡು ದಿನವೂ ಕಾರವಾರವೇ. ಭಾನುವಾರ ಮಧ್ಯಾಹ್ನ ನಾನು ಹೊರಡೋಣ ಅನ್ನುವವರೆಗೂ ಅತ್ತೆ ಮರಳಿನಿಂದ ಎದ್ದಿರಲಿಲ್ಲ.